ಕೆಂಪು ಯಾವುದು, ಹಸಿರು ಯಾವುದು?

ಫೆಲೋಶಿಪ್ ಹಣ ಹೇಳಿದ ಹೊತ್ತಿಗೆ ಬರುವುದಿಲ್ಲ ಎನ್ನುವುದು ಪಿಎಚ್‌ಡಿ ಮಾಡುವವರಿಗೆಲ್ಲ ಗೊತ್ತು. ಹಾಗಾಗಿ ನಾನು ವಾರಕ್ಕೆ ಮೂರು ದಿನ ಬೆಂಗಳೂರಿನ ಒಂದು ಕಂಪನಿಗೆ ಮಾರಾಟದ ಡ್ಯಾಶ್‌ಬೋರ್ಡ್ ಮಾಡಿಕೊಡುತ್ತೇನೆ. ಯಾವ ಜಿಲ್ಲೆಯಲ್ಲಿ ಲಾಭ, ಎಲ್ಲಿ ನಷ್ಟ ಎಂಬುದನ್ನೆಲ್ಲ ಒಂದೇ ಪರದೆಯ ಮೇಲೆ ತೋರಿಸುವ ಕೆಲಸ. ಉಳಿದ ದಿನಗಳಲ್ಲಿ ಹದಿನೆಂಟನೇ ಶತಮಾನದ ವ್ಯಾಪಾರದ ಅಂಕಿಅಂಶಗಳ ಜೊತೆ ಒದ್ದಾಟ. ಒಂದು ಹೊಟ್ಟೆಪಾಡು, ಇನ್ನೊಂದು ಓದು. ಎರಡಕ್ಕೂ ಸಂಬಂಧವಿಲ್ಲ ಅಂದುಕೊಂಡಿದ್ದೆ.

ಕಳೆದ ವರ್ಷ ಎಲ್ಲರೂ ಡಾರ್ಕ್ ಥೀಮ್ ಬೇಕೆಂದರು. ಬಿಳಿ ಹಿನ್ನೆಲೆ ತೆಗೆದು ಕಪ್ಪು ಹಾಕಿದೆ. ಹಳೆಯ ಗಾಢ ಕೆಂಪು ಕಪ್ಪಿನ ಮೇಲೆ ಮಂಕಾಗಿ ಕಂಡಿದ್ದರಿಂದ ಅದನ್ನೂ ಹಸಿರಿನಷ್ಟೇ ಬೆಳಗಿಸಿದೆ. ಮೀಟಿಂಗಿನಲ್ಲಿ ಚಪ್ಪಾಳೆ ಸಿಕ್ಕಿತು. ಎರಡು ವಾರ ಕಳೆದ ಮೇಲೆ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಟೀ ಕುಡಿಯುವಾಗ ಪಕ್ಕಕ್ಕೆ ಕರೆದರು. "ನೋಡಮ್ಮ, ಯಾರಿಗೂ ಹೇಳಬೇಡ. ನಂಗೆ ಕೆಂಪು-ಹಸಿರು ಎರಡೂ ಒಂದೇ ಥರ ಕಾಣತ್ತೆ. ಮೊದಲಿನದರಲ್ಲಿ ಒಂದು ಕಪ್ಪಗಿತ್ತು, ಅದೇ ನಷ್ಟ ಅಂತ ಗೊತ್ತಾಗ್ತಿತ್ತು. ಈಗ ಹುಡುಗನ್ನ ಕರೆದು ಓದಿಸ್ಕೋತಿದೀನಿ."

ಮೂವತ್ತು ವರ್ಷ ಲೆಕ್ಕ ನೋಡಿದವರು, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗನ ಕೈಲಿ ಓದಿಸಿಕೊಳ್ಳುವಂತೆ ಮಾಡಿದ್ದೆ. ಅವತ್ತು ರಾತ್ರಿ ಪ್ರಬಂಧದ ಕಡತ ತೆರೆದರೆ ಅಲ್ಲಿದ್ದವನು ವಿಲಿಯಂ ಪ್ಲೇಫೇರ್.

ಪ್ಲೇಫೇರ್ ಸ್ಕಾಟ್ಲೆಂಡಿನವನು, ಕೆಲಕಾಲ ಜೇಮ್ಸ್ ವ್ಯಾಟ್‌ನ ಬಳಿ ನಕ್ಷೆ ಬರೆಯುವ ಕೆಲಸದಲ್ಲಿದ್ದವನು. 1786ರಲ್ಲಿ ಲಂಡನ್ನಿನಲ್ಲಿ ವ್ಯಾಪಾರದ ಲೆಕ್ಕಗಳ ಅಟ್ಲಾಸ್ ಒಂದನ್ನು ಪ್ರಕಟಿಸಿದ. ಅದರಲ್ಲಿ 44 ಚಾರ್ಟುಗಳಿದ್ದವು. ವ್ಯಾಪಾರದ ಏರಿಳಿತವನ್ನು ಗೆರೆಗಳಲ್ಲಿ ತೋರಿಸುವ ಪರಿಪಾಠ ಶುರುವಾದದ್ದು ಈ ಪುಸ್ತಕದಿಂದ. ತಾಮ್ರದ ಹಲಗೆಯ ಮೇಲೆ ಕೊರೆದು ಅಚ್ಚು ಹಾಕಿ, ಆಮೇಲೆ ಒಂದೊಂದು ಹಾಳೆಗೂ ಕೈಯಿಂದಲೇ ಬಣ್ಣ ಹಚ್ಚಬೇಕಿತ್ತು. ಇಂಗ್ಲೆಂಡು ಡೆನ್ಮಾರ್ಕ್ ಮತ್ತು ನಾರ್ವೆಗಳೊಡನೆ ನಡೆಸಿದ ವ್ಯಾಪಾರದ ಚಾರ್ಟು ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದೆ. ಆಮದಿನದೊಂದು ಗೆರೆ, ರಫ್ತಿನದೊಂದು ಗೆರೆ. ಶತಮಾನದ ಮಧ್ಯದಲ್ಲಿ ಎರಡೂ ಒಂದನ್ನೊಂದು ದಾಟುತ್ತವೆ. ದಾಟುವ ಮೊದಲಿನ ಜಾಗಕ್ಕೆ ಒಂದು ಬಣ್ಣ, ಆಮೇಲಿನದಕ್ಕೆ ಇನ್ನೊಂದು. ಆದರೆ ಅವನು ಬಣ್ಣ ಹಚ್ಚಿ ಸುಮ್ಮನಾಗಲಿಲ್ಲ. ಗೆರೆಗಳ ಬೆನ್ನ ಮೇಲೇ 'ಆಮದು', 'ರಫ್ತು' ಎಂದು ಬರೆದ. ಬಣ್ಣ ತುಂಬಿದ ಜಾಗದೊಳಗೆ 'ಪ್ರತಿಕೂಲ', 'ಅನುಕೂಲ' ಎಂಬ ಅರ್ಥದ ಮಾತುಗಳನ್ನಿಟ್ಟ. ಬಣ್ಣ ಅಳಿಸಿಹೋದರೂ ಆ ಚಾರ್ಟು ಮಾತಾಡುತ್ತದೆ. ನನ್ನ ಡ್ಯಾಶ್‌ಬೋರ್ಡು ಮಾತಾಡುತ್ತಿರಲಿಲ್ಲ.

1801ರ ಪುಸ್ತಕದಲ್ಲಿ ಅವನು ಯುರೋಪಿನ ದೇಶಗಳನ್ನು ವೃತ್ತಗಳಾಗಿ ಬರೆದ. ಅದರ ಉದ್ದನೆಯ ಶೀರ್ಷಿಕೆಯ ಕೊನೆಯಲ್ಲಿ ಹಿಂದೂಸ್ತಾನದ ಆಳುವ ಶಕ್ತಿಗಳನ್ನೂ ಇದೇ ರೀತಿ ತೋರಿಸಿದೆ ಎಂಬ ಮಾತಿದೆ. ಶ್ರೀರಂಗಪಟ್ಟಣ ಬಿದ್ದು ಆಗಿನ್ನೂ ಎರಡು ವರ್ಷ. ನಾನು ಈ ಪುಸ್ತಕದ ಬೆನ್ನು ಹತ್ತಿದ್ದು ಆ ಸಾಲಿನಿಂದ. ಯುರೋಪಿನ ವೃತ್ತಗಳಲ್ಲಿ ಸಮುದ್ರಬಲ ಇರುವ ದೇಶಕ್ಕೆ ಹಸಿರು, ನೆಲದ ಮೇಲೆ ಮಾತ್ರ ಬಲವಿರುವ ದೇಶಕ್ಕೆ ತಿಳಿಗೆಂಪು. ಅದೇ ಜೋಡಿ!

ಅದಕ್ಕೆ ಏಳು ವರ್ಷ ಮೊದಲು, 1794ರಲ್ಲಿ, ಮ್ಯಾಂಚೆಸ್ಟರಿನಲ್ಲಿ ಜಾನ್ ಡಾಲ್ಟನ್ ತನ್ನ ಕಣ್ಣಿನ ಬಗ್ಗೆಯೇ ಒಂದು ಪ್ರಬಂಧ ಓದಿದ್ದ. ಪರಮಾಣು ಸಿದ್ಧಾಂತದ ಪಾಠದಲ್ಲಿ ನಾವು ಓದಿದ ಡಾಲ್ಟನ್ನೇ ಇವನು. ಕೆಂಪು ಅರಗೂ ಲಾರೆಲ್ ಎಲೆಯ ಹಸಿರೂ ಅವನಿಗೆ ಒಂದೇ ಬಣ್ಣ. ಇದು ಅವನಿಗೆ ತಿಳಿದದ್ದು ಒಂದು ಜೆರೇನಿಯಂ ಹೂವಿನಿಂದ: ಹಗಲಲ್ಲಿ ನೀಲಿಯಾಗಿ ಕಂಡ ಹೂವು ಮೇಣದಬತ್ತಿಯ ಬೆಳಕಿನಲ್ಲಿ ಕೆಂಪಾಗಿತ್ತು. ಸುತ್ತಲಿದ್ದವರಿಗೆ ಅಂಥ ಬದಲಾವಣೆ ಏನೂ ಕಾಣಲಿಲ್ಲ, ಅವನ ಅಣ್ಣನೊಬ್ಬನನ್ನು ಬಿಟ್ಟು. ಕಣ್ಣೊಳಗಿನ ದ್ರವ ನೀಲಿಯಾಗಿರಬೇಕೆಂದು ಊಹಿಸಿ, ಸತ್ತ ಮೇಲೆ ಪರೀಕ್ಷಿಸಿ ಎಂದು ಹೇಳಿಟ್ಟಿದ್ದ. 1844ರಲ್ಲಿ ನೋಡಿದರೆ ದ್ರವ ತಿಳಿಯಾಗಿಯೇ ಇತ್ತು. ಉಳಿಸಿಟ್ಟ ಕಣ್ಣಿನ ಡಿಎನ್‌ಎಯಿಂದ ನಿಜ ಹೊರಬಿದ್ದದ್ದು 1995ರಲ್ಲಿ: ಹಸಿರನ್ನು ಗ್ರಹಿಸುವ ವರ್ಣಕವೇ ಅವನಲ್ಲಿರಲಿಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8%ರಷ್ಟು ಮಂದಿಗೆ ಕೆಂಪು-ಹಸಿರಿನ ಈ ತೊಡಕು ಒಂದಲ್ಲ ಒಂದು ಮಟ್ಟದಲ್ಲಿರುತ್ತದೆ.

ಮುದ್ರಿತ ಹಾಳೆಯಲ್ಲಿ ಬಣ್ಣ ಹಚ್ಚಿದವನದೇ ಕೊನೆಯ ಮಾತು. ಪರದೆ ಬಂದ ಮೇಲೆ ಓದುವವನ ಕೈಗೂ ಒಂದು ಗುಂಡಿ ಸಿಕ್ಕಿತು. ಮೊದಮೊದಲು ಕಪ್ಪಿನ ಮೇಲೆ ಹಸಿರು ಅಥವಾ ಹಳದಿ ಅಕ್ಷರ ಬಿಟ್ಟರೆ ಆಯ್ಕೆಯೇ ಇರಲಿಲ್ಲ. ಅದು ಪರದೆಗೆ ಬಳಿದ ರಂಜಕದ ಬಣ್ಣ. 1992ರ ವಿಂಡೋಸ್ 3.1ರಲ್ಲಿ ಸಿದ್ಧ ಬಣ್ಣದ ಯೋಜನೆಗಳ ಪಟ್ಟಿಯೇ ಇತ್ತು. ಅದರಲ್ಲಿ 'ಹಾಟ್ ಡಾಗ್ ಸ್ಟ್ಯಾಂಡ್' ಎಂಬ ಕೆಂಪು-ಹಳದಿಯ ಯೋಜನೆಯನ್ನು ನೋಡಿದವರು ಇನ್ನೂ ಮರೆತಿಲ್ಲ. 2018ರಲ್ಲಿ ಆಪಲ್ ತನ್ನ ಕಂಪ್ಯೂಟರುಗಳಿಗೆ, ಮರುವರ್ಷ ಫೋನುಗಳಿಗೆ ಡಾರ್ಕ್ ಮೋಡ್ ಕೊಟ್ಟಿತು. ಆಮೇಲೆ ಎಲ್ಲರಿಗೂ ಕಪ್ಪೇ ಬೇಕಾಯಿತು.

ಅಕ್ಷರಗಳಿಗೆ ಇದು ಸುಲಭ. ಕಪ್ಪು ಬಿಳಿಯಾದರೂ 'ಅ' ಅಕ್ಷರ 'ಅ' ಆಗಿಯೇ ಇರುತ್ತದೆ. ಚಾರ್ಟಿನಲ್ಲಿ ಬಣ್ಣವೇ ಅಕ್ಷರ. ಬಿಳಿ ಹಾಳೆಯ ಮೇಲೆ ಗಾಢವಾದದ್ದು ಹೆಚ್ಚು, ತಿಳಿಯಾದದ್ದು ಕಡಿಮೆ ಎಂದು ಓದುತ್ತೇವೆ. ಹಿನ್ನೆಲೆ ಮಾತ್ರ ಕಪ್ಪಾದರೆ ತಿಳಿ ಬಣ್ಣ ಎದ್ದು ಹೊಳೆಯುತ್ತದೆ, ಎಲ್ಲಕ್ಕಿಂತ ಕಡಿಮೆ ಮಾರಾಟದ ಜಿಲ್ಲೆ ಮೊದಲು ಕಣ್ಣಿಗೆ ಬೀಳುತ್ತದೆ. ಊರು ಬದಲಾದರೂ ಅರ್ಥ ತಿರುಗುತ್ತದೆ: ಮುಂಬೈ ಷೇರುಪೇಟೆಯ ಪರದೆಯಲ್ಲಿ ಏರಿದ್ದು ಹಸಿರು, ಶಾಂಘೈಯಲ್ಲಿ ಏರಿದ್ದು ಕೆಂಪು. ಅಲ್ಲಿ ಕೆಂಪು ಮಂಗಳದ ಬಣ್ಣ.

ಹಾಗಾಗಿ ಕೋಡ್ ಬರೆಯುವವರು ಈಗ ಬಣ್ಣವನ್ನು ಅದರ ಹೆಸರಿನಿಂದ ಕರೆಯುವುದಿಲ್ಲ, ಅದು ಮಾಡುವ ಕೆಲಸದಿಂದ ಕರೆಯುತ್ತಾರೆ. 'ಕೆಂಪು' ಎಂದು ಬರೆಯುವ ಕಡೆಯಲ್ಲೆಲ್ಲ 'ನಷ್ಟ' ಎಂದು ಬರೆದಿಟ್ಟು, ಒಂದೊಂದು ಥೀಮಿನಲ್ಲಿ ಅದು ಯಾವ ಬಣ್ಣ ತೊಡಬೇಕೆಂದು ಬೇರೆ ಜಾಗದಲ್ಲಿ ಹೇಳುವುದು. ನಾನು ಇದನ್ನು ಮಾಡಿದ್ದೆ. ತಪ್ಪಿದ್ದು ಬಣ್ಣ ಆರಿಸುವಾಗ, ನನ್ನ ಕಣ್ಣೊಂದನ್ನೇ ನಂಬಿದ್ದು.

ಮೂರು ದಿನ ಕೂತು ತಿದ್ದಿದೆ. ಲಾಭಕ್ಕೆ ನೀಲಿ, ನಷ್ಟಕ್ಕೆ ಕಿತ್ತಳೆ. ಒಂದು ತಿಳಿ, ಒಂದು ಗಾಢ. ಪ್ರತಿ ಥೀಮನ್ನೂ ಬೂದು ಬಣ್ಣಕ್ಕೆ ತಿರುಗಿಸಿ, ಆಗಲೂ ಎರಡೂ ಬೇರೆಬೇರೆ ಕಾಣುತ್ತವೆಯೇ ಎಂದು ನೋಡಿದೆ. ಅಂಕಿಯ ಪಕ್ಕದಲ್ಲಿ ಮೇಲೆ-ಕೆಳಗೆ ತೋರಿಸುವ ತ್ರಿಕೋನ ಇಟ್ಟೆ. ಕೊನೆಗೆ ಪ್ಲೇಫೇರ್ ಮಾಡಿದಂತೆ ಪಟ್ಟಿಗಳ ಮೇಲೇ 'ಲಾಭ', 'ನಷ್ಟ' ಎಂದು ಬರೆದೆ. ಅಂದಗೆಟ್ಟಿತು ಎಂದರು ಕೆಲವರು. ಇರಲಿ ಎಂದೆ.

ಹಿರಿಯರ ಮೇಜಿಗೆ ಹೋಗಿ ನಾಲ್ಕು ಥೀಮುಗಳನ್ನು ಒಂದೊಂದಾಗಿ ತೋರಿಸಿದೆ. ಅವರಿಗೆಂದೇ ಮಾಡಿದ್ದ ನೀಲಿ-ಕಿತ್ತಳೆಯನ್ನು ದಾಟಿಕೊಂಡು ಕೊನೆಯದರ ಮೇಲೆ ನಿಂತರು. ಅದು ನಾನು ತಮಾಷೆಗೆ ಸೇರಿಸಿದ್ದು, ಕಪ್ಪಿನ ಮೇಲೆ ಬರೀ ಹಳದಿ.

"ಇದೇ ಇರಲಮ್ಮ," ಅಂದರು. "ನಾನು ಕೆಲಸಕ್ಕೆ ಸೇರಿದಾಗ ಕಂಪ್ಯೂಟರ್ ಹಿಂಗೇ ಇತ್ತು."