ವೃದ್ಧಾಪ್ಯದ ಖಿನ್ನತೆ ಮತ್ತು ವ್ಯಾಯಾಮ: ಚಿಕಿತ್ಸಾವಿಚಾರದ ಇತಿಹಾಸ

ದೇಹವನ್ನು ದಣಿಸಿದರೆ ಮನಸ್ಸು ತಿಳಿಯಾಗುವುದೆಂಬ ನಂಬಿಕೆ ಪ್ರಾಚೀನವಾದುದಾದರೂ, ಖಿನ್ನತೆಗೊಳಗಾದ ವಯೋವೃದ್ಧರನ್ನೇ ವರ್ಗಗಳಾಗಿ ವಿಂಗಡಿಸಿ, ಹೋಲಿಸಿ, ಅಳೆದು ನೋಡುವ ಪದ್ಧತಿ ನೆಲೆಗೊಂಡುದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ, ವೃದ್ಧರಿಗೆಂದೇ ರಚಿತವಾದ ಖಿನ್ನತಾ ಮಾಪಕವು 1980ರ ದಶಕದಲ್ಲಿ ಬಳಕೆಗೆ ಬಂದ ತರುವಾಯ.

ಈ ಶೋಧವನ್ನು ಆರಂಭದಿಂದಲೂ ಬಾಧಿಸಿದ ಸಂದೇಹ ಒಂದುಂಟು: ಗುಣ ಕಂಡುದು ನಡಿಗೆಯಿಂದಲೋ, ಸಹವಾಸದಿಂದಲೋ? 1991ರಲ್ಲಿ ಪ್ರಕಟವಾದ ಕೆನಡದ ಪರೀಕ್ಷೆಯೊಂದರಲ್ಲಿ, 30 ಮಂದಿ ವೃದ್ಧರ ಪೈಕಿ ಕೆಲವರನ್ನು ನಡಿಗೆಗೆ ಕರೆದೊಯ್ದು, ಕೆಲವರೊಡನೆ ಬರಿಯ ಮಾತುಕತೆ ನಡೆಸಲಾಗಿ, ಖಿನ್ನತೆಯು ಎರಡು ವರ್ಗಗಳಲ್ಲಿಯೂ ಇಳಿಯಿತು. ದೈಹಿಕ ಲಕ್ಷಣಗಳು ಮಾತ್ರ ನಡೆದವರಲ್ಲಿಯೇ ತಗ್ಗಿದವು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಚರಿತ್ರೆಯ ಮುಖ್ಯ ಘಟ್ಟ. 50 ವರ್ಷ ತುಂಬಿದ 156 ರೋಗಿಗಳನ್ನು ವ್ಯಾಯಾಮ, ಸರ್ಟ್ರಲೀನ್ ಎಂಬ ಖಿನ್ನತಾನಿವಾರಕ ಗುಳಿಗೆ, ಇವೆರಡರ ಸಂಯೋಗ ಎಂದು ಮೂರು ವರ್ಗ ಮಾಡಿ 16 ವಾರ ಪರೀಕ್ಷಿಸಿದಾಗ, ಗುಳಿಗೆಯ ಪರಿಣಾಮ ಬೇಗನೆ ತೋರಿತಾದರೂ ಅಂತ್ಯದಲ್ಲಿ ಮೂರು ವರ್ಗಗಳ ಸ್ಥಿತಿಯೂ ಬಹುಮಟ್ಟಿಗೆ ಸಮವಾಗಿದ್ದಿತು. ಮರುವರ್ಷದ ವರದಿಯಂತೆ, ಗುಣಹೊಂದಿದವರಲ್ಲಿ ರೋಗ ಮರುಕಳಿಸಿದುದು ವ್ಯಾಯಾಮವರ್ಗದಲ್ಲಿ ಶೇಕಡ 8, ಗುಳಿಗೆಯ ವರ್ಗದಲ್ಲಿ ಶೇಕಡ 38. ವ್ಯಾಯಾಮವು ಔಷಧಕ್ಕೆ ಸಮಾನವೆಂಬ ಮಾತು ಹರಡಿದುದು ಹೀಗೆ. ಆದರೆ ಚಿಕಿತ್ಸೆಯಿಲ್ಲದ ವರ್ಗ ಅಲ್ಲಿರಲಿಲ್ಲ. ವ್ಯಾಯಾಮ ಗುಂಪಿನಲ್ಲಿ ನಡೆದುದರಿಂದ ಸಹವಾಸದ ಸಂದೇಹ ಉಳಿದೇ ಇತ್ತು. 50ರ ವಯಸ್ಸನ್ನು ವೃದ್ಧಾಪ್ಯವೆನ್ನುವುದೂ ಚರ್ಚಾಸ್ಪದ.

ಸಹವಾಸದ ಸಂದೇಹಕ್ಕೆ ನೇರವಾಗಿ ಎದುರಾದುದು 2002ರ ಸ್ಕಾಟ್ಲೆಂಡಿನ ಪರೀಕ್ಷೆ. ಔಷಧದಿಂದ ಸಾಕಷ್ಟು ಗುಣ ಕಾಣದ 86 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಸಾಮೂಹಿಕ ವ್ಯಾಯಾಮವನ್ನೂ ಉಳಿದವರಿಗೆ ಸಾಮೂಹಿಕ ಆರೋಗ್ಯೋಪನ್ಯಾಸವನ್ನೂ ಏರ್ಪಡಿಸಿ, ಸಹವಾಸವನ್ನು ಉಭಯತ್ರ ಸಮಗೊಳಿಸಿದಾಗ, 10 ವಾರಗಳಲ್ಲಿ ಗಣನೀಯ ಸುಧಾರಣೆ ಕಂಡವರು ಕ್ರಮವಾಗಿ ಶೇಕಡ 55 ಮತ್ತು 33. ಬೆಂಗಳೂರಿನ ಯೋಗಸಂಶೋಧಕರು 2007ರಲ್ಲಿ ಪ್ರಕಟಿಸಿದ, ನಿವಾಸಗೃಹವೊಂದರ 69 ಮಂದಿ ವೃದ್ಧರ ಅಧ್ಯಯನದಲ್ಲಿ, ಯೋಗವರ್ಗದ ಸರಾಸರಿ ಖಿನ್ನತಾಂಕವು ಆರು ತಿಂಗಳಲ್ಲಿ 10.6ರಿಂದ 6.7ಕ್ಕೆ ಇಳಿಯಿತು.

ಈ ಅನುಕೂಲಕರ ಫಲಿತಾಂಶಗಳಿಗೆ ಪ್ರತಿಕೂಲವಾದ ಪ್ರಬಲ ಸಾಕ್ಷ್ಯ 2013ರಲ್ಲಿ ಇಂಗ್ಲೆಂಡಿನಿಂದ ಬಂದಿತು. 78 ಶುಶ್ರೂಷಾಗೃಹಗಳ 891 ನಿವಾಸಿಗಳನ್ನೊಳಗೊಂಡ ‘ಒಪೇರಾ’ ಪರೀಕ್ಷೆಯಲ್ಲಿ, ವಾರಕ್ಕೆರಡು ಬಾರಿ ಭೌತಚಿಕಿತ್ಸಕರ ಮಾರ್ಗದರ್ಶನದಲ್ಲಿ ನಡೆಸಿದ ವ್ಯಾಯಾಮದಿಂದ ಖಿನ್ನತೆ ಇಳಿಯಲಿಲ್ಲ. ಹಿಂದಿನ ಪರೀಕ್ಷೆಗಳ ಬಹುಪಾಲು ವ್ಯಾಯಾಮಕ್ಕೆ ಶಕ್ತರಾಗಿ ಸ್ವೇಚ್ಛೆಯಿಂದ ಬಂದವರದು. ಇಲ್ಲಿಯವರು ಅತಿವೃದ್ಧರೂ ಅಶಕ್ತರೂ ಆಗಿದ್ದವರು. ಆದುದರಿಂದ ಒಂದು ಪಕ್ಷದ ಫಲಿತಾಂಶವನ್ನು ಇನ್ನೊಂದರ ಮೇಲೆ ಆರೋಪಿಸುವುದು ಯುಕ್ತವಲ್ಲ. ನಡೆದಾಡಬಲ್ಲ ವೃದ್ಧರಿಗೆ ವ್ಯಾಯಾಮವು ಚಿಕಿತ್ಸೆಯ ಅಂಗವಾಗಬಲ್ಲುದು, ಅಶಕ್ತರಿಗೆ ಅದೊಂದನ್ನೇ ವಿಧಿಸಿ ಉಳಿದ ಆರೈಕೆಯನ್ನು ಕೈಬಿಡಲಾಗದು.