ಸುಡೋ
ಯುನಿಕ್ಸ್, ಲಿನಕ್ಸ್ ಸರ್ವರ್‌ಗಳಲ್ಲಿ ರೂಟ್ ಖಾತೆಯ ಪಾಸ್‌ವರ್ಡನ್ನು ಎಲ್ಲರಿಗೂ ಹೇಳದೆಯೇ ಆಡಳಿತಾಧಿಕಾರವನ್ನು ತಂಡದವರಿಗೆ ಹಂಚಿಕೊಡುವ ತಂತ್ರಾಂಶ. 1980ರ ಸುಮಾರಿಗೆ ಅಮೆರಿಕದ ಬಫಲೋದಲ್ಲಿರುವ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗೆಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಇದನ್ನು ಬರೆದರು. ಸಾಮಾನ್ಯವಾಗಿ ಬಳಕೆದಾರರು ತಮ್ಮದೇ ಪಾಸ್‌ವರ್ಡ್ ಕೊಟ್ಟು ಕಮಾಂಡ್ ನಡೆಸುತ್ತಾರೆ. ಯಾರು ಏನು ನಡೆಸಿದರೆಂಬುದು ಲಾಗ್‌ನಲ್ಲಿ ದಾಖಲಾಗುತ್ತದೆ. ಒಬ್ಬರು ಕೆಲಸ ಬಿಟ್ಟರೆ ಅವರ ಅನುಮತಿ ತೆಗೆದರಾಯಿತು, ಉಳಿದವರಿಗೆ ತೊಂದರೆಯಿಲ್ಲ.

ಯಾರಿಗೆ ಯಾವ ಕಮಾಂಡ್ ಎಂಬ ನಿಯಮಗಳು ಸುಡೋಯರ್ಸ್ ಕಡತದಲ್ಲಿರುತ್ತವೆ. ಅದನ್ನು ವಿಸುಡೋ ಎಂಬ ಕಮಾಂಡ್ ಮೂಲಕವೇ ತಿದ್ದಬೇಕು. ವ್ಯಾಕರಣ ತಪ್ಪಿದ್ದರೆ ಅದು ಉಳಿಸುವ ಮೊದಲೇ ಎಚ್ಚರಿಸುತ್ತದೆ. ನಿಯಮ ಬರೆಯುವುದು ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಒಂದೇ ಕಡತ ತಿದ್ದಲೆಂದು ವಿಐ ಎಡಿಟರ್‌ಗೆ ಅನುಮತಿ ಕೊಟ್ಟರೆ, ಅದರೊಳಗಿಂದಲೇ ಶೆಲ್ ತೆರೆದು ಇಡೀ ಸರ್ವರನ್ನು ವಶಕ್ಕೆ ತೆಗೆದುಕೊಳ್ಳಬಹುದು. ಹೀಗೆ ಕಡತ ತಿದ್ದುವ ಕೆಲಸಕ್ಕೆಂದೇ ಸುಡೋಎಡಿಟ್ ಎಂಬ ಕಮಾಂಡ್ ಇದೆ.