ಹೆಪ್ಪಿನ ಪೂರ್ವೋತ್ತರ

ಹಾಲನ್ನು ಮೊಸರಾಗಿಸುವ ದ್ರವ್ಯಕ್ಕೆ ಸಂಸ್ಕೃತದಲ್ಲಿ ಆತಂಚನವೆಂದು ಹೆಸರು. ನಮ್ಮ ಮಾತಿನಲ್ಲಿ ಹೆಪ್ಪು. ಈ ವಿದ್ಯೆಯು ಎಷ್ಟು ಹಳೆಯದೆಂಬುದಕ್ಕೆ ತೈತ್ತಿರೀಯ ಸಂಹಿತೆಯೇ ಸಾಕ್ಷಿ. ಅಮಾವಾಸ್ಯೆಯ ಇಷ್ಟಿಯಲ್ಲಿ ಇಂದ್ರನಿಗೆ ಅರ್ಪಿಸತಕ್ಕ ಸಾನ್ನಾಯ್ಯಕ್ಕಾಗಿ ಹಾಲನ್ನು ಯಾವುದರಿಂದ ಹೆಪ್ಪುಗಟ್ಟಿಸಬೇಕೆಂಬ ವಿಚಾರವು ಅದರ ಎರಡನೆಯ ಕಾಂಡದಲ್ಲಿ ಬಂದಿರುವುದು. ಪೂತೀಕವೆಂಬ ಬಳ್ಳಿ, ಮುತ್ತುಗದ ತೊಗಟೆ, ಬೋರೆಯ ಹಣ್ಣು, ಅಕ್ಕಿಯ ಕಾಳು ಇವೇ ಮೊದಲಾದವುಗಳನ್ನು ಎಣಿಸಿ, ಒಂದೊಂದರ ಗುಣವನ್ನು ಹೇಳಿ, ಕಡೆಗೆ ಮೊಸರೇ ಇಂದ್ರನಿಗೆ ಯೋಗ್ಯವಾದುದೆಂದು ನಿರ್ಣಯಿಸಿದ್ದಾರೆ. ತೊಗಟೆಗೂ ಮೊಸರಿಗೂ ಸಂಬಂಧವೇನು? ಪಾಠಶಾಲೆಯಲ್ಲಿ ನಮಗೆ ದೊರೆತ ಉತ್ತರ, ಇದು ವಿಧಿಯೆಂಬುದಿಷ್ಟೇ. ಈಗಿನ ಜೀವಶಾಸ್ತ್ರವನ್ನು ಓದಿದವರಿಗೆ ಇನ್ನೊಂದು ಉತ್ತರವೂ ಹೊಳೆಯದಿರದು.

ಹಾಲು ಹುಳಿಯಾಗುವುದು ಜೀವಿಗಳಿಂದಲೆಂದು 1857ರಲ್ಲಿ ಫ್ರಾನ್ಸಿನ ಪಾಸ್ಚರನು ಸಾಧಿಸಿದನು. ಇಂಗ್ಲೆಂಡಿನ ಶಸ್ತ್ರವೈದ್ಯನಾದ ಲಿಸ್ಟರನು 1878ರ ಹೊತ್ತಿಗೆ ಆ ಅಣುಜೀವಿಗಳಲ್ಲೊಂದನ್ನು ಇತರ ಜೀವಿಗಳ ಬೆರಕೆಯಿಲ್ಲದೆ ಪ್ರತ್ಯೇಕಿಸಿದನು. ಅದಕ್ಕೆ ಈಗ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂದು ಹೆಸರು. ನಮ್ಮ ಮನೆಗಳ ಮೊಸರಿನಲ್ಲಿಯೂ ಇದು ಉಂಟು. ಹುಳಿಮಾಡುವುದು ಇದರ ಸ್ವಭಾವ, ಬೆಂಕಿಗೆ ಉಷ್ಣತೆಯಿದ್ದ ಹಾಗೆ, ಎಂದೇ ಬಹುಕಾಲ ಪಂಡಿತರ ನಂಬಿಕೆಯಾಗಿತ್ತು. ಆದರೆ ಈ ಕುಲದಲ್ಲಿ ಹುಟ್ಟಿಯೂ ಹಾಲಿನ ಸಕ್ಕರೆಯನ್ನು ಮುಟ್ಟದ ಸಂತಾನವು ಆಗಾಗ ಕಾಣಿಸಿಕೊಳ್ಳುತ್ತಿತ್ತು. ಒಮ್ಮೆ ಕಳೆದುಕೊಂಡ ಈ ಗುಣವು ಅವುಗಳ ಪೀಳಿಗೆಗೆ ಮರಳಿ ಬಾರದು. ನಿಜವಾದ ಸ್ವಭಾವವಾಗಿದ್ದರೆ ಅದು ಬಿಟ್ಟುಹೋಗುವುದೆಂತು?

ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಲ್ಯಾರಿ ಮೆಕೇ ಎಂಬವರೂ ಅವರ ಸಂಗಡಿಗರೂ 1972ರಿಂದ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅಣುಜೀವಿಯ ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ, ಡಿ.ಎನ್.ಎ.ಯ ಸಣ್ಣ ಬಳೆಗಳು ಅದರೊಳಗೆ ಇರುವುವೆಂದು 1974ರಲ್ಲಿ ಪ್ರಕಟಿಸಿದರು. ಇಂತಹ ಬಳೆಗಳಿಗೆ ಪ್ಲಾಸ್ಮಿಡ್ ಎಂಬ ಹೆಸರನ್ನು ಲೆಡರ್‌ಬರ್ಗನು 1952ರಲ್ಲಿಯೇ ಇಟ್ಟಿದ್ದನು. ಹಾಲಿನ ಸಕ್ಕರೆಯನ್ನು ಒಡೆಯುವ ಶಕ್ತಿ, ಹಾಲಿನ ಸಾರವಾದ ಕೇಸೀನನ್ನು ಜೀರ್ಣಿಸುವ ಶಕ್ತಿ, ಇವೆರಡೂ ಬಹುಮಟ್ಟಿಗೆ ಈ ಬಳೆಗಳಲ್ಲಿಯೇ ಅಡಗಿವೆ. ಬಳೆ ಜಾರಿದರೆ ಗುಣವೂ ಹೋಯಿತು. ನೆರೆಯ ಜೀವಿಯೊಂದು ತಗಲಿ ನಿಂತರೆ ಬಳೆಯ ಪ್ರತಿಯು ಅದಕ್ಕೂ ದಾಟೀತು. ಇದಲ್ಲದೆ ವರ್ಣತಂತುವಿನಿಂದ ಬಳೆಗೆ, ಬಳೆಯಿಂದ ವರ್ಣತಂತುವಿಗೆ ನೆಗೆಯುವ ತುಣುಕುಗಳೂ ಉಂಟು. ಅಂತಹವನ್ನು ಜೋಳದ ತೆನೆಯಲ್ಲಿ ಮೊದಲು ಗುರುತಿಸಿದ ಬಾರ್ಬರಾ ಮೆಕ್ಲಿಂಟಾಕ್ ಎಂಬ ವಿದುಷಿಗೆ, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1983ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ಲ್ಯಾಕ್ಟೊಕಾಕಸ್ಸಿನ ಪೂರ್ವಿಕರು ಗಿಡಗಳ ಮೇಲೆ ವಾಸಿಸುತ್ತಿದ್ದು, ಈ ಬಳೆಗಳ ಬಲದಿಂದ ಹಾಲಿಗೆ ಒಗ್ಗಿಕೊಂಡವೆಂದು ವಿದ್ವಾಂಸರ ಅಭಿಪ್ರಾಯ. ಹಾಗಾದರೆ ತೊಗಟೆಯನ್ನೂ ಅಕ್ಕಿಯನ್ನೂ ಹಾಲಿಗೆ ಹಾಕಿದ ನಮ್ಮ ಹಿರಿಯರು ಗಿಡದ ಜೀವಿಗಳನ್ನು ಹಾಲಿಗೆ ಕರೆತಂದವರೇ ಆಗಿರಬಹುದು. ಅವರು ಮೊಸರನ್ನೇ ಶ್ರೇಷ್ಠವೆಂದುದಕ್ಕೂ, ಹಾಲಿಗೆ ಪಳಗಿದ ಸಂತಾನವು ಅದರಲ್ಲಿದ್ದುದು ಒಂದು ಕಾರಣವಾಗಿರಬಹುದು. ಇದು ನನ್ನ ಊಹೆಯಷ್ಟೇ. ಶ್ರುತಿಯಲ್ಲಿ ವಿಜ್ಞಾನವನ್ನು ತುರುಕುವ ಚಪಲ ನನಗಿಲ್ಲ.

ಈ ಅಣುಜೀವಿಗಳಿಗೂ ಶತ್ರುಗಳುಂಟು. 1935ರಲ್ಲಿ ನ್ಯೂಜಿಲೆಂಡಿನ ವೈಟ್‌ಹೆಡ್ ಎಂಬಾತನು, ಗಿಣ್ಣಿನ ಕಾರ್ಖಾನೆಗಳಲ್ಲಿ ಹೆಪ್ಪು ಕೆಡುವುದಕ್ಕೆ ಫೇಜ್ ಎಂಬ ವೈರಸ್ಸು ಕಾರಣವೆಂದು ತೋರಿಸಿದನು. ಆ ಶತ್ರುವನ್ನು ತಡೆಯುವ ಕವಚವೂ ಕೆಲವು ಬಳೆಗಳಲ್ಲಿ ದೊರೆಯಿತು. 1980ರ ದಶಕದಲ್ಲಿ ಅಮೆರಿಕದವರು ಅಂತಹ ಬಳೆಯನ್ನು ಸ್ವಾಭಾವಿಕ ಸಂಪರ್ಕದಿಂದಲೇ ಕಾರ್ಖಾನೆಯ ಹೆಪ್ಪಿಗೆ ದಾಟಿಸಿದರು.

ನಮ್ಮ ನಾಡಿಗೆ ಬರೋಣ. ಕ್ಷೀರೋದ್ಯಮದ ಶಾಸ್ತ್ರವನ್ನು ಕಲಿಸುವ ಸರಕಾರೀ ಸಂಸ್ಥೆಯು 1923ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಗೋಪಾಲನೆಯನ್ನು ಕಲಿಯಲು ಮಹಾತ್ಮಾ ಗಾಂಧಿಯವರು 1927ರಲ್ಲಿ ಅಲ್ಲಿಗೆ ಬಂದಿದ್ದರು. ಅದರ ಮುಖ್ಯ ಪೀಠವು 1955ರಲ್ಲಿ ಕರ್ನಾಲಿಗೆ ಹೋಯಿತು. 1950ರಲ್ಲಿ ಆರಂಭವಾದ ಮೈಸೂರಿನ ಆಹಾರ ಸಂಶೋಧನಾಲಯವಂತೂ ನಮ್ಮಲ್ಲಿಯೇ ಉಳಿದಿದೆ. ಅಲ್ಲಿನ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ವಿಷಯವು ಗೃಹಸ್ಥರು ಅರಿಯಬೇಕಾದುದು. ಭಾರತೀಯ ಹುದುಗಿನ ಆಹಾರಗಳಿಂದ ತೆಗೆದ ಹುಳಿಕಾರಕ ಅಣುಜೀವಿಗಳಲ್ಲಿ ಎರಿತ್ರೊಮೈಸಿನ್, ಟೆಟ್ರಾಸೈಕ್ಲಿನ್ ಎಂಬ ಔಷಧಗಳನ್ನು ಸೋಲಿಸುವ ವಂಶವಾಹಿಗಳು ಅವರಿಗೆ ಕಂಡುಬಂದವು. ಇಂತಹ ವಂಶವಾಹಿಗಳು ಎಷ್ಟೋ ವೇಳೆ ಬಳೆಗಳಲ್ಲಿಯೋ ನೆಗೆಯುವ ತುಣುಕುಗಳಲ್ಲಿಯೋ ಇರುತ್ತವೆ. ಹಾಲಿನ ಗುಣವನ್ನು ತಂದ ದಾರಿಯಲ್ಲಿಯೇ ಇವೂ ಸಂಚರಿಸಬಲ್ಲವು; ನಿರಪಾಯಕಾರಿಯಾದ ಜೀವಿಯಿಂದ ರೋಗಕಾರಕಕ್ಕೂ ದಾಟಬಲ್ಲವು.

ಕೂಳೂರಿನ ಗೃಹಿಣಿಯು ಕುಲಶೇಖರದ ಡೈರಿಯಿಂದ ಬಂದ ಹಾಲನ್ನು ಕಾಯಿಸಿ ನಿನ್ನೆಯ ಮೊಸರಿನಿಂದ ಹೆಪ್ಪು ಹಾಕುವಾಗ, ಹಾಲಿನ ಕ್ರಿಮಿಗಳು ಕುದಿಯಲ್ಲಿ ಸತ್ತಿರುತ್ತವೆ. ಆದರೆ ಹಸುವಿಗೆ ಕೊಟ್ಟ ಔಷಧದ ಶೇಷವಿದ್ದರೆ ಅದು ಕುದಿಯಿಂದ ಪೂರ್ಣವಾಗಿ ನಾಶವಾಗದು. ಶೇಷವು ಹೆಚ್ಚಾದರೆ ಹೆಪ್ಪು ಹಿಡಿಯುವುದೇ ಇಲ್ಲ. ಅಲ್ಪವಾದರೆ, ಔಷಧವನ್ನು ತಾಳಬಲ್ಲ ಜೀವಿಗಳೇ ಬಟ್ಟಲಿನಲ್ಲಿ ಮೇಲಾಗುವುವು. ಕೆಚ್ಚಲು ಬಾವಿಗೆ ಚಿಕಿತ್ಸೆಯಾದ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಸೊಸೈಟಿಗೆ ಹಾಕಬಾರದೆಂಬ ನಿಯಮವು ಇದಕ್ಕಾಗಿಯೂ ಇದೆ.